ಅವನು ಅಳಿಸಿದ ಗೀರು

"ಥೂ!"

ಫೋಟಿನಿ ಡಿಸ್ಕಿನ ಡಬ್ಬಿಯನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ನೋಲೀನಳ ಕಾಫಿ ತುಳುಕಿತು.

"ಇದನ್ನ ವಿಶೇಷ ಆವೃತ್ತಿ ಅಂತಾರಾ? ಕೊಳೆತ ಮೀನಿಗೆ ಬೆಳ್ಳಿ ಕಾಗದ ಸುತ್ತಿ ಕೊಟ್ಟಿದ್ದಾರೆ! ನಂಗೆ ವಾಕರಿಕೆ ಬರ್ತಿದೆ!"

ಅಡಿಲೇಡಿನ ಸೆಮಾಫೋರ್ ರಸ್ತೆಯಲ್ಲಿ ಮರ್ವ್ ಹ್ಯಾನಫೋರ್ಡನ ಡಿಸ್ಕ್ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಏಳೆಂಟು ಜನ ಸಿನಿಮಾ ಹುಚ್ಚರು ಸೇರುತ್ತಿದ್ದರು. ಯಾವ ಸ್ಟುಡಿಯೊ ಯಾವ ಹಳೆಯ ಚಿತ್ರವನ್ನು ಹೊಸ ಡಬ್ಬಿಗೆ ತುಂಬಿ ಮಾರುತ್ತಿದೆ, ಬಣ್ಣ ಕೆಟ್ಟಿದೆಯೆ, ಧ್ವನಿ ಕೆಟ್ಟಿದೆಯೆ ಎಂದು ಗಂಟಲು ಹರಿಯುವ ತನಕ ಜಗಳವಾಡುವುದು ಅವರ ವಾರದ ಸಂತೋಷ.

ಆ ದಿನದ ಚಿತ್ರ 'ಏಳು ದೋಣಿಗಳು'. ಮೂವತ್ತಾರು ವರ್ಷದ ಹಿಂದೆ ಪೋರ್ಟ್ ಪೀರಿಯ ಬಂದರಿನಲ್ಲಿ ತೆಗೆದ ಮೀನುಗಾರರ ಕಥೆ. ಕುರಾಂಡಿ ಸ್ಟುಡಿಯೊ ಅದನ್ನು 'ಹೊಸ ಹೊಳಪಿನಲ್ಲಿ' ಹೊರತಂದಿತ್ತು.

"ನನಗೇನೋ ಚೆನ್ನಾಗೇ ಕಾಣಿಸ್ತಪ್ಪ," ಎಂದಳು ನೋಲೀನ್, ಲಂಗದ ಮೇಲೆ ಬಿದ್ದ ಕಾಫಿ ಒರೆಸಿಕೊಳ್ಳುತ್ತ. ನಿವೃತ್ತ ಬಸ್ ಡ್ರೈವರ್ ಆಕೆ. "ಮೊದಲು ಟಿ.ವಿ.ಲಿ ಬಂದಾಗ ಜರಡಿ ಹಿಡ್ಕೊಂಡು ನೋಡಿದಂಗಿತ್ತು. ಈಗ ನೋಡು, ಕನ್ನಡಿ!"

"ಆ ಜರಡೀನೇ ಫಿಲ್ಮು ಕಣಮ್ಮ!" ಮರ್ವ್ ತಲೆ ಚಚ್ಚಿಕೊಂಡ. "ಆ ಸಣ್ಣ ಸಣ್ಣ ಕಾಳು ಇದ್ಯಲ್ಲ, ಅದು ಫಿಲ್ಮಿನ ಚರ್ಮ. ಇವರು ಚರ್ಮಾನೇ ಸುಲಿದುಬಿಟ್ಟಿದ್ದಾರೆ. ಒಬ್ಬೊಬ್ಬ ಮೀನುಗಾರನೂ ಮೇಣದ ಗೊಂಬೆ!"

"ಮೂವತ್ತು ವರ್ಷ ಬಸ್ ಓಡಿಸಿದೀನಿ ಮರ್ವ್. ಗಾಜು ಕ್ಲೀನಾಗಿದ್ರೆ ದಾರಿ ಕಾಣುತ್ತೆ."

"ಗಾಜು ಒರೆಸೋಕೆ ಹೋಗಿ ದಾರೀನೇ ಒರೆಸಿಬಿಟ್ರೆ?" ಎಂದಳು ಫೋಟಿನಿ.

ಎಲ್ಲರೂ ಅವಳತ್ತ ತಿರುಗಿದರು. ಸಾಮಾನ್ಯವಾಗಿ ಫೋಟಿನಿ ಎಷ್ಟೇ ಕೂಗಾಡಿದರೂ ಕೊನೆಗೆ ನಗುತ್ತಿದ್ದಳು. ಇಂದು ಅವಳ ಕಣ್ಣು ಕೆಂಪಾಗಿತ್ತು.

ಅವಳು ಡಿಸ್ಕನ್ನು ಹಾಕಿ, ಒಂದು ದೃಶ್ಯಕ್ಕೆ ಓಡಿಸಿ ನಿಲ್ಲಿಸಿದಳು. ಬಂದರಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಮೀನು ಹೆರೆಯುವ ಹೆಂಗಸರು. ಅವರಲ್ಲೊಬ್ಬಳು ಹದಿನೆಂಟರ ಹುಡುಗಿ, ಮಣಿಕಟ್ಟಿನಿಂದ ಹಣೆಯ ಕೂದಲು ಸರಿಸಿ ತಲೆ ಎತ್ತಿದ್ದಾಳೆ. ನೇರ ಕ್ಯಾಮೆರಾದ ಕಡೆಗೆ. ಮುಖ ನುಣ್ಣಗೆ, ಹೊಳಹೊಳೆಯುತ್ತ...

"ಇವಳು ಅರ್ಗಿರೋ. ನನ್ನಮ್ಮ," ಎಂದಳು ಫೋಟಿನಿ. "ನಂಗೆ ಒಂಬತ್ತು ವರ್ಷ ಇದ್ದಾಗ ಹೋದಳು. ಎಡಗಣ್ಣಿನ ಕೆಳಗಿಂದ ಕೆನ್ನೆ ತುದಿವರೆಗೆ ಅವಳಿಗೊಂದು ಸುಟ್ಟ ಗಾಯದ ಗುರುತಿತ್ತು. ನೆಟ್ಟಗೆ, ದಾರ ಎಳೆದ ಹಾಗೆ. ಮನೇಲಿರೋ ಒಂದು ಫೋಟೋದಲ್ಲೂ ಅದು ಕಾಣಲ್ಲ, ಯಾವಾಗ್ಲೂ ಬಲಗೆನ್ನೆ ಮಾತ್ರ ಕಾಣೋ ಹಾಗೆ ನಿಲ್ತಿದ್ಲು. ಈ ಸಿನಿಮಾದಲ್ಲಿ ಮಾತ್ರ, ಹನ್ನೊಂದು ಸೆಕೆಂಡು, ಪೂರ್ತಿ ಮುಖ ತೋರಿಸಿದ್ದಾಳೆ. ಟಿ.ವಿ.ಯಿಂದ ರೆಕಾರ್ಡ್ ಮಾಡಿದ ಹಳೇ ಟೇಪಲ್ಲಿ ಸಾವಿರ ಸಲ ನೋಡಿದೀನಿ. ಈಗ ಎಲ್ಲಿ ಆ ಗುರುತು? ಸ್ಟುಡಿಯೊಗೆ ಐದು ಪತ್ರ ಬರೆದು ಕೇಳಿದೆ, ಉತ್ತರಾನೇ ಇಲ್ಲ. ಹೇಳಿ, ಎಲ್ಲಿ?"

ನೋಲೀನ್ ಕನ್ನಡಕ ತೆಗೆದು ಪರದೆಯನ್ನೇ ನೋಡಿದಳು.

ಫೋಟಿನಿಯ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದಳು. ನಿಜವಾದ ಹಲ್ಲಿನಲ್ಲಿ ಕಲೆ ಇರುತ್ತದೆ, ಬಿರುಕಿರುತ್ತದೆ. ಅವೆಲ್ಲ ಇಲ್ಲದ ಹಲ್ಲು ನೋಡಿದೊಡನೆ ಸುಳ್ಳೆಂದು ಗೊತ್ತಾಗುತ್ತದೆ. ಪರದೆಯ ಮೇಲೆ ಅವಳ ಅಮ್ಮನಿಗೆ ಯಾರೋ ಅಂಥದೊಂದು ಸುಳ್ಳು ಮುಖ ಕಟ್ಟಿದ್ದರು.

ಅವಳು ಡಬ್ಬಿಯೊಳಗಿನ ಪುಸ್ತಿಕೆ ತಿರುವಿ ಓದಿದಳು. "'ಚಿತ್ರ ಶುದ್ಧೀಕರಣ: ರುವನ್ ಟ್ರೆಲೋರ್.' ಈ ಮಹಾನುಭಾವ ಒಂದು ಸಲ ನನ್ನ ಕೈಗೆ ಸಿಗ್ಲಿ..."

"ಸಿಕ್ಕಿದೀನಿ," ಎಂದಿತೊಂದು ದನಿ, ಬಾಗಿಲ ಕಡೆಯಿಂದ.

ಸವೆದ ನೀಲಿ ಉಣ್ಣೆಯ ಅಂಗಿ ತೊಟ್ಟ, ಮೂವತ್ತೈದರ ಆಸುಪಾಸಿನ ಎತ್ತರದ ಗಂಡಸು. ಎಷ್ಟು ಹೊತ್ತಿನಿಂದ ನಿಂತಿದ್ದನೋ!

"ಏನಂದ್ರಿ?"

"ರುವನ್ ಟ್ರೆಲೋರ್ ನಾನೇ. ನೀವು ಸ್ಟುಡಿಯೊಗೆ ಬರೆದ ಐದೂ ಪತ್ರ ಓದಿದೆ. ಶನಿವಾರ ಇಲ್ಲಿರ್ತೀರಿ ಅಂತ ಅದರಲ್ಲೇ ಇತ್ತು."

ಫೋಟಿನಿಗೆ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಕೈ ಮೇಲೇಳಲಿಲ್ಲ. "ಯಾಕೆ ಅಳಿಸಿದ್ರಿ?"

"ಆ ರೀಲಲ್ಲಿ ಮೇಲಿಂದ ಕೆಳಗೆ ಉದ್ದುದ್ದ ಗೀರುಗಳಿದ್ವು. ಗೀರು ತೆಗಿ ಅಂತ ಯಂತ್ರಕ್ಕೆ ಹೇಳಿದೆ. ನಿಮ್ಮಮ್ಮನ ಗುರುತೂ ನೆಟ್ಟಗಿತ್ತು... ಯಂತ್ರ ಅದನ್ನೂ ಗೀರು ಅಂದ್ಕೊಳ್ತು."

"ಯಂತ್ರ ಅಂದ್ಕೊಳ್ತು. ನೀವು?"

ಅವನು ತಲೆ ತಗ್ಗಿಸಿದ. "ನಾನೂ."

"ಒಂದೇ ಒಂದು ಸಲ ಮುಖ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ?"

"ನೋಡಿರ್ಲಿಲ್ಲ. ದಿನಕ್ಕೆ ಎರಡು ರೀಲು ಮುಗಿಸಬೇಕಿತ್ತು. ಮುಖ ನೋಡ್ತಾ ಕೂರೋದು ರೂಢಿ ಇಲ್ಲ."

ಸುಳ್ಳು ಹೇಳಿದ್ದರೆ ಅವಳು ಬೈದು ಹಗುರಾಗುತ್ತಿದ್ದಳೇನೋ. ಈ ನಿಜವನ್ನು ಬೈಯಲೂ ಆಗಲಿಲ್ಲ.

"ಹೊರಗೆ ಹೋಗಿ," ಎಂದಳು. "ನಿಮ್ಮನ್ನ ನೋಡಿದ್ರೇ ಅಸಹ್ಯ ಆಗ್ತಿದೆ."

ಅವನು ಹೋದ.

ಆದರೆ ಮುಂದಿನ ಶನಿವಾರ ಮತ್ತೆ ಬಂದ! ಕೈಯಲ್ಲಿ ಬೇಕರಿಯ ಕಿಚ್ನರ್ ಬನ್ನುಗಳ ಪೊಟ್ಟಣ.

"ಬಂದಪ್ಪ ಮೇಣದ ಶಿಲ್ಪಿ!" ಎಂದ ಮರ್ವ್. "ಎಲ್ಲರೂ ಮುಖ ಮುಚ್ಕೊಳ್ಳಿ, ಸುಕ್ಕೆಲ್ಲ ಅಳಿಸಿಬಿಟ್ಟಾನು!"

"ನಂದು ಮೊದಲು ಅಳಿಸಪ್ಪಾ, ಪುಣ್ಯ ಬರುತ್ತೆ," ಎಂದಳು ನೋಲೀನ್. ಎಲ್ಲರೂ ಗೊಳ್ಳೆಂದರು.

ರುವನ್ ನಗಲಿಲ್ಲ. ನೋಟ್‌ಬುಕ್ ತೆಗೆದು, "ಆ ಸಿನಿಮಾದಲ್ಲಿ ಇನ್ನೂ ಏನೇನು ಕೆಡಿಸಿದೀನಿ ಹೇಳಿ," ಎಂದ.

ಕೇಳಬೇಕೆ! ಎರಡು ಗಂಟೆ ಹೇಳಿದರು. ಸಮುದ್ರಕ್ಕೆ ಪಾಚಿ ಹಸಿರು ಬಂದಿದೆ. ಅಲೆಯ ಸದ್ದು ಅರ್ಧಕ್ಕೆ ಸತ್ತಿದೆ. ಪರದೆ ತುಂಬಿಸಲು ಹೋಗಿ ಮುದುಕ ಮೀನುಗಾರನ ಟೋಪಿ ಕತ್ತರಿಸಿದ್ದಾರೆ. ಅವನು ಒಂದೂ ಬಿಡದೆ ಬರೆದುಕೊಂಡ. ಫೋಟಿನಿ ಅವನಿಗೆ ಬೆನ್ನು ಮಾಡಿ ಕುಳಿತಿದ್ದಳು. ಬನ್ನು ಮುಟ್ಟಲಿಲ್ಲ.

'ಎಂಥ ನಾಚಿಕೆಗೆಟ್ಟವನು! ಇಷ್ಟು ಬೈಸಿಕೊಂಡೂ ಕೂತಿದ್ದಾನಲ್ಲ...'

ಮೂರನೆಯ ಶನಿವಾರ ಅವನು ನೇರ ಅವಳ ಮುಂದೆ ಬಂದು ನಿಂತ.

"ಶುದ್ಧ ಮಾಡೋಕೆ ಮುಂಚಿನ ಪ್ರತಿ ಇನ್ನೂ ನಮ್ಮ ಕಂಪ್ಯೂಟರಲ್ಲಿದೆ. ಆ ಭಾಗ ನಾನೇ ಕೈಯಲ್ಲಿ ಮತ್ತೆ ಮಾಡ್ತೀನಿ, ರಜೆ ದಿನ ಕೂತು. ಆದ್ರೆ ಅಲ್ಲಿ ನಿಜವಾದ ಗೀರೂ ಇದೆ, ಅಮ್ಮನ ಗುರುತೂ ಇದೆ. ಯಾವುದು ಎಲ್ಲಿ ಮುಗಿಯುತ್ತೆ ಅಂತ ನಂಗೆ ಗೊತ್ತಿಲ್ಲ. ಇನ್ನೊಂದು ಸಲ ತಪ್ಪು ಮಾಡೋಕೆ ನಂಗಿಷ್ಟ ಇಲ್ಲ. ಗೊತ್ತಿರೋರು ಯಾರಾದ್ರೂ ಇದ್ದಾರಾ?"

ಫೋಟಿನಿ ಅವನ ಕಡೆ ತಿರುಗಿ ಕುಳಿತಳು.

"ನನ್ನ ದೊಡ್ಡಮ್ಮ ಇದ್ದಾಳೆ. ಪೋರ್ಟ್ ಪೀರಿಯಲ್ಲಿ," ಎಂದಳು ಕೊನೆಗೆ. "ನಾನೂ ಬರ್ತೀನಿ. ನಿಮ್ಮನ್ನೊಬ್ಬರನ್ನೇ ಕಳಿಸೋಷ್ಟು ನಂಬಿಕೆ ಇಲ್ಲ."

* * *

ದೊಡ್ಡಮ್ಮ ಮರಿಕಾಳ ಮನೆ ಬಂದರಿನ ಹತ್ತಿರ. ಅಡುಗೆಮನೆಯ ಕಿಟಕಿಯಿಂದ ಸೀಸದ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಬಂದವರಿಗೆ ತಿನ್ನಿಸದೆ ಮಾತಾಡುವ ಅಭ್ಯಾಸ ಆಕೆಗಿಲ್ಲ. ಹುರಿದ ಗಾರ್‌ಫಿಶ್ ಮೀನು, ಆಲಿವ್ ಕಾಯಿ, ರೊಟ್ಟಿ... ರುವನ್ ಮೂರನೆಯ ಸಲ ಬಡಿಸಿಕೊಂಡ ಮೇಲೇ, "ಈಗ ಹೇಳಪ್ಪ, ಏನ್ ಬೇಕು?" ಎಂದಳು.

ಅವನು ಕೆಲಸದ ವಿಷಯ ಹೇಳಿದ. ಆಮೇಲೆ ಮೆಲ್ಲಗೆ ಕೇಳಿದ, "ಆ ಗುರುತು ಎಲ್ಲಿವರೆಗಿತ್ತಮ್ಮ?"

ಮರಿಕಾಳ ಕೈಯಲ್ಲಿದ್ದ ತಟ್ಟೆ ನಿಂತಲ್ಲೇ ನಿಂತಿತು.

"ಇಲ್ಲಿಂದ... ಇಲ್ಲಿವರೆಗೆ," ತನ್ನ ಕೆನ್ನೆಯ ಮೇಲೆ ಬೆರಳೆಳೆದಳು. "ಕೊನೇಲಿ ಸ್ವಲ್ಪ ಒಳಗೆ ಸೊಟ್ಟ. ನಂಗೊತ್ತು. ಯಾಕಂದ್ರೆ... ಮಾಡಿದೋಳೇ ನಾನು."

"ದೊಡ್ಡಮ್ಮ!"

"ನಂಗೆ ಹನ್ನೆರಡು. ಅವಳಿಗೆ ಎಂಟು. ಎಣ್ಣೆ ಬಾಣಲೆ ಮುಟ್ಟಬೇಡ ಅಂದಿದ್ರು ಅಮ್ಮ. ನಾನು ಮುಟ್ಟಿದೆ. ಅರ್ಗಿರೋ ಪಕ್ಕದಲ್ಲಿ ನಿಂತಿದ್ಲು..." ಮರಿಕಾ ಮುಂಗೈಯಲ್ಲೇ ಕಣ್ಣೊರೆಸಿಕೊಂಡಳು. "ತಾನೇ ಬೀಳಿಸಿಕೊಂಡೆ ಅಂತ ಹೇಳಿದಳು ಆ ಮಗು. ಸಾಯೋವರೆಗೂ ಹಾಗೇ ಹೇಳಿದಳು. ಜನ ನೋಡಿದ್ರೆ ಹೇಗಾಯ್ತು ಅಂತ ಕೇಳ್ತಾರಲ್ಲ, ಸುಳ್ಳು ಹೇಳಬೇಕಲ್ಲ, ಅದಕ್ಕೇ ಆ ಕಡೆ ಮುಖ ಮುಚ್ಕೊಳ್ತಿದ್ಲು. ನನಗೋಸ್ಕರ!"

ಫೋಟಿನಿ ಎದ್ದು ದೊಡ್ಡಮ್ಮನ ಪಕ್ಕಕ್ಕೆ ಹೋದಳು. ಅಮ್ಮನಿಗೆ ತನ್ನ ಮುಖದ ಬಗ್ಗೆ ನಾಚಿಕೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು...

"ಸಿನಿಮಾದವರು ಬಂದ ದಿನ ಕ್ಯಾಮೆರಾದವನು, ಈ ಕಡೆ ತಿರುಗಮ್ಮ, ಕೆನ್ನೆ ಕಾಣದ ಹಾಗೆ ಅಂದ. ಅವಳು ತಿರುಗಲಿಲ್ಲ. ಕ್ಯಾಮೆರಾ ಹಿಂದೆ ನಾನು ನಿಂತಿದ್ದೆ. ಅವಳು ನೋಡಿದ್ದು ನನ್ನ. ನೋಡಿ ನಕ್ಕಳು. ಆಯ್ತು ಬಿಡು ಅಕ್ಕ, ಅಂದ ಹಾಗೆ." ಮರಿಕಾ ತಟ್ಟೆ ಕೆಳಗಿಟ್ಟಳು. "ಇದು ಈ ಮನೆ ಬಿಟ್ಟು ಹೊರಗೆ ಹೋಗಬಾರದು."

"ಹೋಗಲ್ಲ," ಎಂದಳು ಫೋಟಿನಿ. ರುವನ್ ತಲೆಯಾಡಿಸಿದ.

ವಾಪಸು ಬರುವಾಗ ಪೋರ್ಟ್ ವೇಕ್‌ಫೀಲ್ಡಿನಲ್ಲಿ ಪೆಟ್ರೋಲಿಗೆ ನಿಲ್ಲಿಸಿದರು. ಬಿಸಿಲು ಇಳಿಯುತ್ತಿತ್ತು. ಕಾರಿಗೆ ಒರಗಿ ನಿಂತು ಅವನು ಹೇಳಿದ, "ನಾನು ಒರೆಸಿದ್ದು ಒಂದು ಗುರುತನ್ನ ಅಂದ್ಕೊಂಡಿದ್ದೆ..." ಅಷ್ಟು ಹೇಳಿ ಆ ಕಡೆ ತಿರುಗಿದ. ಅವನ ಭುಜ ಅಲುಗಿತು.

ಫೋಟಿನಿ ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಇಟ್ಟ ಮೇಲೆ ತಾನೇ ಬೆಚ್ಚಿದಳು.

"ನನ್ನ ಸಿಟ್ಟು ಹೋಗ್ತಾ ಇದೆ," ಎಂದಳು. "ಅದು ನಂಗೆ ಒಂಚೂರೂ ಇಷ್ಟ ಆಗ್ತಿಲ್ಲ."

* * *

ಹನ್ನೊಂದು ಸೆಕೆಂಡು ಎಂದರೆ ಇನ್ನೂರ ಅರವತ್ನಾಲ್ಕು ಚಿತ್ರಗಳು. ಒಂದೊಂದನ್ನೂ ಅವನು ಕೈಯಲ್ಲೇ ತಿದ್ದಿದ. ಭಾನುವಾರಗಳಲ್ಲಿ ಫೋಟಿನಿ ಪಕ್ಕದಲ್ಲಿ ಕುಳಿತಿರುತ್ತಿದ್ದಳು.

"ಕೊನೇಲಿ ಇನ್ನೂ ಒಳಗೆ ಸೊಟ್ಟ ಅಂದಿದ್ಲಲ್ಲ ದೊಡ್ಡಮ್ಮ."

"ಇಷ್ಟು?"

"ಇನ್ನೊಂದು ಕೂದಲಷ್ಟು."

"ಹಲ್ಲು ಕಟ್ಟೋರ ಸಹವಾಸ ಸಾಕಪ್ಪಾ!"

"ನೋಡದೇ ಕೆಲಸ ಮಾಡೋರ ಸಹವಾಸಕ್ಕಿಂತ ವಾಸಿ!"

ಹತ್ತನೆಯ ಭಾನುವಾರ ಅವನು ಪೂರ್ತಿ ದೃಶ್ಯವನ್ನು ಓಡಿಸಿದ. ಅರ್ಗಿರೋ ಕೂದಲು ಸರಿಸಿದಳು. ತಲೆ ಎತ್ತಿದಳು. ಕೆನ್ನೆಯ ಮೇಲೆ ಆ ಗುರುತು, ತುಟಿಯಂಚಿನಲ್ಲಿ ಆ ನಗು... ಟೇಪಿನ ಮಸುಕಿನಲ್ಲಿ ಇಷ್ಟು ವರ್ಷ ಕಾಣದ ನಗು!

ಫೋಟಿನಿ ಅತ್ತಳು. ಅವನ ಅಂಗಿಯ ತೋಳು ಹಿಡಿದುಕೊಂಡು ಅತ್ತಳು. ಅತ್ತು ಮುಗಿದಾಗ ಅವನ ಮುಖ ಬಹಳ ಹತ್ತಿರವಿತ್ತು.

"ಮುತ್ತಿಡೋದಿದ್ರೆ ಇಟ್ಟುಬಿಡು," ಎಂದಳು ಮೂಗು ಒರೆಸಿಕೊಳ್ಳುತ್ತ. "ಮೂಗು ಸೋರ್ತಿದೆ, ಅಸಹ್ಯವಾಗಿದೀನಿ, ಗೊತ್ತು."

ಅವನು ಮುತ್ತಿಟ್ಟ.

* * *

ಎರಡು ತಿಂಗಳು ಎಷ್ಟು ಬೇಗ ಹೋದವು!

ಅಕ್ಟೋಬರಿನ ಒಂದು ಶನಿವಾರ ಫೋಟಿನಿ ಅಂಗಡಿಗೆ ಬಂದಾಗ ಹಿಂದಿನ ಕೋಣೆಯಲ್ಲಿ ಸದ್ದಿರಲಿಲ್ಲ. ಮೇಜಿನ ಮೇಲೊಂದು ದೊಡ್ಡ ಪೆಟ್ಟಿಗೆ. ನೋಲೀನ್ ಥಟ್ಟನೆ ಅದರ ಮೇಲೆ ತನ್ನ ಕೋಟು ಹಾಕಿದಳು.

"ಏನದು?"

"ಏನಿಲ್ಲ ಕಂದಾ. ಬಾ, ಕಾಫಿ ಕುಡಿಯೋಣ."

ಫೋಟಿನಿ ಕೋಟು ಎಳೆದಳು.

ದೋಣಿಯ ಆಕಾರದ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ನೈಲಾನಿನ ಬಲೆ, ಬಲೆಯಲ್ಲಿ ಏಳು ರಬ್ಬರ್ ಮೀನು. ಅವಕ್ಕೆ ಅದೆಂಥದೋ ವಾಸನೆ ಬೇರೆ ಹಚ್ಚಿದ್ದರು! 'ಏಳು ದೋಣಿಗಳು: ಮಹಾ ವಿಶೇಷ ಆವೃತ್ತಿ.' ಮುಚ್ಚಳದ ತುಂಬ ಅವಳ ಅಮ್ಮನ ಮುಖ. ಗಾಯದ ಗುರುತಿನ ಮೇಲೆ ಚಿನ್ನದ ಬಣ್ಣ ಬಳಿದು ಮಿಂಚುವಂತೆ ಮಾಡಿದ್ದರು. ಕೆಳಗೆ ದಪ್ಪ ಅಕ್ಷರ:

'ಅಕ್ಕ ಮಾಡಿದ ಗಾಯ... ತಂಗಿ ಕೊಟ್ಟ ಕ್ಷಮೆ! ತೆರೆಯ ಹಿಂದಿನ ಕಣ್ಣೀರ ಕಥೆ. ರುವನ್ ಟ್ರೆಲೋರ್ ಅವರ ಹೊಚ್ಚಹೊಸ ಶುದ್ಧೀಕರಣ.'

ಫೋಟಿನಿ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

ಹೊರಬಂದು ರುವನ್‌ಗೆ ಫೋನ್ ಮಾಡಿದಳು.

"ದೊಡ್ಡಮ್ಮನ ಮಾತು ಸ್ಟುಡಿಯೊದಲ್ಲಿ ಹೇಳಿದ್ದು ಯಾರು?"

"ನಾನೇ. ಆದ್ರೆ ಫೋಟಿನಿ..."

"ಆದ್ರೆ ಅನ್ನೋ ಮಾತು ನಿನ್ನ ಹತ್ರಾನೇ ಇಟ್ಕೋ. ಮೊದಲು ನೋಡದೇ ಅಳಿಸಿದೆ. ಈಗ ನೋಡಿ ನೋಡಿ ಮಾರಿದೆ. ಥೂ!"

ಅವಳು ಫೋನ್ ಇಟ್ಟಳು. ಆಮೇಲೆ ಬಂದ ಕರೆಗಳನ್ನು ಎತ್ತಲಿಲ್ಲ. ಬಂದ ಸಂದೇಶಗಳನ್ನು ಓದಲಿಲ್ಲ.

'ಅವನ ಕೈ ಹಿಡಿದೆನಲ್ಲ... ಆ ಕೈಯಿಂದಲೇ ಅಮ್ಮನ ಮುಖಕ್ಕೆ ಚಿನ್ನ ಬಳಿದನಲ್ಲ!' ಹಲ್ಲುಜ್ಜಿದರೂ ಹೋಗದ ಕಹಿಯಂತೆ ಆ ಯೋಚನೆ ಬಾಯಲ್ಲೇ ಉಳಿಯಿತು.

ಅಂಗಡಿಯಲ್ಲಿ ನೋಡಿದವರು ಯಾರಾದರೂ ಹೇಳುವ ಮುಂಚೆ ದೊಡ್ಡಮ್ಮನಿಗೆ ತಾನೇ ಹೇಳಬೇಕು. ಭಾನುವಾರ ಬೆಳಗ್ಗೆ ಎದ್ದವಳೇ ಪೋರ್ಟ್ ಪೀರಿಗೆ ಹೊರಟಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಒಂದೂ ಹೊಂದಲಿಲ್ಲ.

ಮನೆಯ ಮುಂದೆ ರುವನ್‌ನ ಬಿಳಿ ಕಾರು ನಿಂತಿತ್ತು!

ಅವಳಿಗೆ ರಕ್ತ ತಲೆಗೇರಿತು. ಹಿತ್ತಲಿಗೆ ನುಗ್ಗಿದಳು. ಅಲ್ಲಿ ಕಂಡದ್ದು ನೋಡಿ ಕಾಲು ನಿಂತಿತು.

ರುವನ್ ಮುಕ್ಕಾಲಿಯ ಮೇಲೆ ಕುಳಿತು ಮೀನು ಹೆರೆಯುತ್ತಿದ್ದ. ಮೊಣಕೈವರೆಗೆ ಹುರುಪೆ, ಅಂಗಿಗೆ ಕರುಳು, ಮುಖ ಹಸಿರುಗಟ್ಟಿತ್ತು. ಮರಿಕಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಕಿವಿರು ಬಿಟ್ಟೆ! ಅದನ್ನ ಯಾರು ತೆಗೀತಾರೆ, ನಿಮ್ಮಜ್ಜಿನಾ?"

"ತೆಗೀತೀನಮ್ಮ..."

"ನಲವತ್ತು ಮೀನು ಅಂದಿದೀನಿ. ಇನ್ನೂ ಇಪ್ಪತ್ತಾರಿದೆ." ಆಕೆ ತಿರುಗಿದಳು. "ಬಾ ಪುಟ್ಟಿ. ಇವನು ನಿನ್ನೆ ರಾತ್ರೀನೇ ಬಂದ. ಬಾಗಿಲಲ್ಲೇ ನಿಂತು ಎಲ್ಲಾ ಒದರಿದ. ನಾನು ಬಾಗಿಲು ಹಾಕ್ಕೊಂಡೆ. ಬೆಳಗ್ಗೆ ಏಳ್ತೀನಿ, ಕಾರಲ್ಲೇ ಮಲಗಿದಾನೆ!"

"ಏನ್ ಹೇಳಿದ?" ಫೋಟಿನಿ ಕೇಳಿದ್ದು ದೊಡ್ಡಮ್ಮನನ್ನು. ಉತ್ತರ ಬಂದದ್ದು ಮುಕ್ಕಾಲಿಯಿಂದ.

"ಹಳೇ ಡಿಸ್ಕ್ ತಗೊಂಡೋರಿಗೆಲ್ಲ ಸರಿಮಾಡಿದ್ದನ್ನ ಸುಮ್ಮನೆ ಬದಲಾಯಿಸಿ ಕೊಡಿ ಅಂತ ಮೀಟಿಂಗಲ್ಲಿ ಕೇಳಿದೆ. ಒಂದು ಕೆನ್ನೆ ಗುರುತಿಗೆ ಇಷ್ಟೆಲ್ಲ ಯಾಕೆ ಅಂತ ನಕ್ಕರು. ಆಗ ಬಾಯಿ ತಪ್ಪಿ..." ಅವನು ನಿಲ್ಲಿಸಿದ. "ಬಾಯಿ ತಪ್ಪಿ ಅನ್ನೋದು ಸುಳ್ಳು. ಬೇಕಂತಲೇ ಹೇಳಿದೆ. ಅವರ ಮನಸ್ಸು ಕರಗಲಿ ಅಂತ. ಕರಗ್ತು ಕೂಡ. ಮಾರಾಟದ ಮುಖ್ಯಸ್ಥ ಕಣ್ಣೊರೆಸ್ಕೊಂಡ. ಆಮೇಲೆ ಕರಗಿದ್ದನ್ನ ಅಚ್ಚಿಗೆ ಹುಯ್ದ."

"ನಿಂಗೆ ಗೊತ್ತಿರ್ಲಿಲ್ವಾ?"

"ಪೆಟ್ಟಿಗೆ ನೋಡಿದ್ದು ಶುಕ್ರವಾರ. ಅವತ್ತೇ ಕೆಲಸ ಬಿಟ್ಟೆ. ನಿಂಗೆ ಹೇಗೆ ಹೇಳೋದು ಅಂತ ಧೈರ್ಯ ಬರ್ಲಿಲ್ಲ. ನಿನ್ನೆ ನೀನು ಫೋನ್ ಇಟ್ಟ ಮೇಲೆ, ಇಂಟರ್ನೆಟ್ಟಲ್ಲಿ ಸಿನಿಮಾದವರೆಲ್ಲ ಜಗಳ ಆಡೋ ಆ ಜಾಗದಲ್ಲಿ ನನ್ನ ಹೆಸರು ಹಾಕಿ ಬರೆದೆ. ಈ ಕಥೆ ನನ್ನನ್ನ ನಂಬಿ ಹೇಳಿದ್ದು, ನಾನು ನಂಬಿಕೆ ಮುರಿದೆ, ಈ ಪೆಟ್ಟಿಗೆ ಯಾರೂ ಕೊಳ್ಳಬೇಡಿ ಅಂತ. ಆಮೇಲೆ ಇಲ್ಲಿಗೆ ಬಂದೆ." ಅವನು ಅವಳ ಕಣ್ಣು ನೋಡಿದ. "ಮಾರಲಿಲ್ಲ ಫೋಟಿನಿ. ಆದ್ರೆ ಹೇಳಿದ್ದು ನಾನೇ. ಅದಕ್ಕೆ ಯಾವ 'ಆದ್ರೆ'ನೂ ಇಲ್ಲ."

ಅವಳು ದೊಡ್ಡಮ್ಮನ ಕಡೆ ನೋಡಿದಳು. ಮರಿಕಾ ಕುಸಿದುಹೋಗಿರುತ್ತಾಳೆಂದು ಹೆದರಿದ್ದಳು. ಹಾಗೇನೂ ಕಾಣಲಿಲ್ಲ.

"ನಲವತ್ತಾರು ವರ್ಷ ಪುಟ್ಟಿ," ಎಂದಳು ಮರಿಕಾ. "ಗಂಡನಿಗೆ ಹೇಳಲಿಲ್ಲ, ಪಾದ್ರಿಗೂ ಹೇಳಲಿಲ್ಲ. ನಿನ್ನೆ ಎದುರುಮನೆಯವಳು ಪೇಟೇಲಿ ಆ ದರಿದ್ರ ಪೆಟ್ಟಿಗೆ ನೋಡಿ, ಕೊಂಡು ಹಿಡ್ಕೊಂಡು ಓಡಿಬಂದಳು. ನನ್ನನ್ನ ಬೈತಾಳೆ ಅಂದ್ಕೊಂಡೆ. ತಬ್ಬಿಕೊಂಡಳು! ಆಮೇಲೆ ಅವಳೂ ತನ್ನದೊಂದು ಹಳೇ ಪಾಪ ಹೇಳ್ಕೊಂಡು ಅತ್ತಳು. ನಿನ್ನೆ ನಾನು ಕಣ್ತುಂಬ ನಿದ್ದೆ ಮಾಡಿದೆ." ಆಮೇಲೆ ಮುಖ ಕಿವಿಚಿದಳು. "ಆದ್ರೆ ಆ ರಬ್ಬರ್ ಮೀನು... ಥೂ! ಮೂಸಿ ನೋಡಿದ್ಯಾ? ಸತ್ತ ಇಲಿ ವಾಸನೆ!"

ಫೋಟಿನಿಗೆ ನಗು ಬಂತು, ಅಳುವೂ ಬಂತು.

"ದೊಡ್ಡಮ್ಮ ಕ್ಷಮಿಸಿರಬಹುದು," ಎಂದಳು ರುವನ್‌ಗೆ. "ನಂಗೆ ಇನ್ನೂ ಆಗಲ್ಲ."

"ಆಗಲಿ ಅಂತ ಬಂದಿಲ್ಲ," ಎಂದ ಅವನು, ಮುಂದಿನ ಮೀನು ಎತ್ತಿಕೊಳ್ಳುತ್ತ.

* * *

ಅವನು ಬರೆದದ್ದು ಸಿನಿಮಾ ಹುಚ್ಚರ ನಡುವೆ ಬೆಂಕಿಯಂತೆ ಹಬ್ಬಿತು. 'ನಾಟಕ' ಎಂದರು ಕೆಲವರು. 'ಹೊಟ್ಟೆಕಿಚ್ಚಿನ ನೌಕರ' ಎಂದರು ಇನ್ನು ಕೆಲವರು. ಆದರೆ ಮರ್ವ್ ತನ್ನ ಅಂಗಡಿಯ ಪೆಟ್ಟಿಗೆಗಳನ್ನೆಲ್ಲ ವಾಪಸು ಕಳಿಸಿದ. ನೋಲೀನ್ ತಾನೇ ಪೆನ್ನು ಹಿಡಿದು, 'ನಿಮ್ಮ ಮೀನು ನಾರುತ್ತದೆ, ನೀವೂ ನಾರುತ್ತೀರಿ' ಎಂದು ಸ್ಟುಡಿಯೊಗೆ ಬರೆದಳು. ಮೆಲ್ಬರ್ನಿನಿಂದ, ಪರ್ತ್‌ನಿಂದ, ನ್ಯೂಜಿಲೆಂಡಿನಿಂದಲೂ ದೋಣಿಗಳು ಸ್ಟುಡಿಯೊಗೆ ಮರಳತೊಡಗಿದವು.

ಆರನೆಯ ವಾರಕ್ಕೆ ಕುರಾಂಡಿ ಸ್ಟುಡಿಯೊ ಮಣಿಯಿತು. ಆ ಪೆಟ್ಟಿಗೆಯನ್ನು ಮಾರುಕಟ್ಟೆಯಿಂದ ತೆಗೆದರು. ಹಳೆಯ ಡಿಸ್ಕ್ ಇದ್ದವರಿಗೆಲ್ಲ ಸರಿಪಡಿಸಿದ ಡಿಸ್ಕು ಬಂತು. ಡಬ್ಬಿಯಿಲ್ಲ, ಪುಸ್ತಿಕೆಯಿಲ್ಲ, ಬಿಳಿ ಕಾಗದದ ಲಕೋಟೆ.

ಆ ಆರು ವಾರದಲ್ಲಿ ರುವನ್ ಒಂದು ಸಲವೂ ಫೋನ್ ಮಾಡಲಿಲ್ಲ. ಆದರೆ ಪ್ರತಿ ಭಾನುವಾರ ದೊಡ್ಡಮ್ಮನ ಮನೆಗೆ ಹೋಗಿ ಅಲ್ಲೇನೋ ಬಾಗಿಲು, ಬೇಲಿ ರಿಪೇರಿ ಮಾಡಿ ಬರುತ್ತಿದ್ದನಂತೆ.

"ನಿನ್ನ ಬಗ್ಗೆ ಒಂದು ಮಾತೂ ಕೇಳಲ್ಲ ಕಣೇ," ಎಂದಿದ್ದಳು ಮರಿಕಾ ಫೋನಿನಲ್ಲಿ. "ಹೆಸರು ಬಂದ್ರೆ ಸಾಕು, ಸುತ್ತಿಗೆ ಬೆರಳ ಮೇಲೆ ಹೊಡ್ಕೊಳ್ತಾನೆ."

ಶನಿವಾರ ಎಲ್ಲರೂ ಮರ್ವ್‌ನ ಕೋಣೆಯಲ್ಲಿ ಆ ಡಿಸ್ಕ್ ನೋಡಿದರು. ಹನ್ನೊಂದು ಸೆಕೆಂಡು ಮುಗಿದಾಗ ನೋಲೀನ್ ದೊಡ್ಡದಾಗಿ ಮೂಗು ಸೀಟಿದಳು. ಯಾರೂ ಜಗಳವಾಡಲಿಲ್ಲ. ಆ ಕೋಣೆಯಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ!

ಫೋಟಿನಿ ಎದ್ದು ಹೊರಬಂದಳು. ಎದುರಿನ ಬೆಂಚಿನ ಮೇಲೆ ರುವನ್ ಕುಳಿತಿದ್ದ. ಒಳಗೆ ಬರುವ ಧೈರ್ಯವಾಗದೆ ಅಲ್ಲೇ ಉಳಿದಿದ್ದ. ಅವಳು ರಸ್ತೆ ದಾಟಿ ಹೋಗಿ ಪಕ್ಕದಲ್ಲಿ ಕುಳಿತಳು.

"ಕೆಲಸ ಸಿಕ್ತಾ?"

"ಲೈಬ್ರರೀಲಿ. ಜನ ಮನೇಲಿ ತೆಗೆದ ಹಳೇ ಫಿಲ್ಮುಗಳು. ಮದುವೆ, ನಾಮಕರಣ, ಸಮುದ್ರಸ್ನಾನ... ಅವನ್ನ ಸರಿಮಾಡೋದು."

"ಯಂತ್ರ ಇದ್ಯಾ?"

"ಇದೆ. ಆದ್ರೆ ಮೊದಲು ಮನೆಯವರನ್ನ ಕರೆದು ಪಕ್ಕದಲ್ಲಿ ಕೂರಿಸ್ಕೊಳ್ತೀನಿ. ಒಂದೊಂದು ಮುಖ ತೋರಿಸಿ, ಇದ್ಯಾರು ಅಂತ ಕೇಳ್ತೀನಿ. ಆಮೇಲೇ ಮುಟ್ಟೋದು. ದಿನಕ್ಕೆ ಎರಡು ನಿಮಿಷದ ಫಿಲ್ಮೂ ಮುಗಿಯಲ್ಲ."

ಅವಳು ಅವನ ಬೆರಳು ನೋಡಿದಳು. ಎರಡು ಉಗುರು ನೀಲಿಗಟ್ಟಿದ್ದವು. ಆ ಕೈಯನ್ನು ಮೆಲ್ಲಗೆ ತನ್ನ ಮಡಿಲಿಗೆ ಎಳೆದುಕೊಂಡಳು.

"ಎಷ್ಟು ಪ್ರಯತ್ನಪಟ್ಟೆ ಗೊತ್ತಾ, ನಿನ್ನ ಕಂಡ್ರೆ ಅಸಹ್ಯ ಪಡೋಕೆ," ಎಂದಳು. "ಆರು ವಾರ. ಆಗಲೇ ಇಲ್ಲ."

"ಫೋಟಿನಿ..." ಎಂದ ಅವನು. "ಇನ್ನೊಂದು ಸಲ ನಿನ್ನ ನಂಬಿಕೆ ಕೇಳೋ ಮುಖ ನನಗಿಲ್ಲ. ಪ್ರೀತಿಸ್ತೀನಿ ಅಂತ ಹೇಳೋದಕ್ಕೆ ಮಾತ್ರ ಬಂದೆ. ಹೇಳಿ ಹೋಗ್ತೀನಿ."

"ಹೋಗ್ತಾನಂತೆ!" ಅವಳು ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಲೈಬ್ರರೀಲಿ ಎಲ್ಲರ ಬಗ್ಗೆ ಕೇಳ್ತೀಯ. ನನ್ನ ಬಗ್ಗೆ ಕೇಳಲ್ವಾ?"

"ಏನಂತ?"

"ಇವಳ್ಯಾರು ಅಂತ."

ರುವನ್ ಅವಳ ಕಡೆ ಪೂರ್ತಿ ತಿರುಗಿದ. ಯಾವ ಅವಸರವೂ ಇಲ್ಲದೆ ಅವಳ ಹಣೆ, ಕಣ್ಣು, ಅತ್ತು ಕೆಂಪಾದ ಮೂಗು, ಎಲ್ಲವನ್ನೂ ನೋಡಿದ.

"ಇವಳ್ಯಾರು?"

"ನಿನ್ನವಳು," ಎಂದಳು ಫೋಟಿನಿ.